ಗಂಟೆ ಕೇಳುವುದು

ಜೂನ್ 12

ಕಡ್ಡಿ,

ಪತ್ರದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕೆಂದು ಮೂರನೇ ಕ್ಲಾಸಿನಲ್ಲಿ ಹೇಳಿಕೊಟ್ಟರು. ನನ್ನ ಓದು ಅಲ್ಲಿಗೇ ಮುಗಿಯಿತು. ಅದಕ್ಕಿಂತ ದೊಡ್ಡ ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಎಲ್ಲರೂ ಕ್ಷೇಮ. ಇನ್ನು ನಿಜಕ್ಕೆ ಬರುತ್ತೇನೆ.

ಶಾಲೆಗೆ ಹೊಸ ಹೆಡ್‌ಮೇಡಂ ಬಂದಿದ್ದಾಳೆ. ನಿನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಬಲಗೈ ಯಾವಾಗಲೂ ಅರ್ಧ ಮಡಿಸಿದಂತೆಯೇ ಇರುತ್ತದೆ. ಆ ಹಲಗೆಯನ್ನು ಹಿಡಿದೂ ಹಿಡಿದೂ ಕೈ ಅದೇ ಆಕಾರಕ್ಕೆ ಒಣಗಿಹೋಗಿದೆ. ಹಲಗೆ ಅಂದರೆ ಯಾವುದು ಅಂತ ಕೇಳಬೇಡ. ನೀನು ಇಡೀ ದಿನ ಇಕ್ಕಳ ಹಿಡಿದು ಹೊಟ್ಟೆ ಕೊಯ್ಯುತ್ತೀಯಲ್ಲ, ಅದೇ. ಬೇರೆಯವರ ಮೊಮ್ಮಕ್ಕಳು ನರ್ಸಾದರು, ದರ್ಜಿಯಾದರು. ನನ್ನ ಮೊಮ್ಮಗಳು ಫೋನುಗಳಿಗೆ ಡಾಕ್ಟರಾದಳು. ಅವು ಬದುಕಿ ಯಾರನ್ನು ಉದ್ಧಾರ ಮಾಡಬೇಕೋ ಕಾಣೆ.

ಮೊದಲ ದಿನವೇ ಅವಳು ವರಾಂಡಕ್ಕೆ ಬಂದು ಕಿಟಕಿ ಕಟ್ಟೆಯ ಮೇಲಿದ್ದ ನನ್ನ ಅಲಾರಂ ಗಡಿಯಾರವನ್ನು ನೋಡಿದಳು.

"ಇದೇನಜ್ಜಿ, ಮ್ಯೂಸಿಯಂ ಸಾಮಾನು?"

"ಹೌದು ಮೇಡಂ, ನಿಮಗಿಂತ ಮುಂಚೆ ಕೆಲಸಕ್ಕೆ ಸೇರಿದ್ದು," ಅಂದೆ.

ಆ ಗಡಿಯಾರ ನಿನ್ನ ತಾತನನ್ನು ಎಬ್ಬಿಸಲು ತಂದದ್ದು. ಅವರು ಒಂದು ದಿನವೂ ಏಳಲಿಲ್ಲ, ನಾನೇ ಎದ್ದೆ. ತಲೆಯ ಮೇಲೆ ಎರಡು ಬಟ್ಟಲು, ನಡುವೆ ಪುಟ್ಟ ಸುತ್ತಿಗೆ. ರಾತ್ರಿ ನನ್ನ ದಿಂಬಿನ ಪಕ್ಕ, ಹಗಲು ಶಾಲೆಯ ಕಿಟಕಿಯಲ್ಲಿ. ನಲವತ್ತು ನಿಮಿಷಕ್ಕೊಂದು ಪಿರಿಯಡ್, ದಿನಕ್ಕೆ ಎಂಟು. ಒಂದು ಗಂಟೆ ಹೊಡೆದ ಕೂಡಲೇ ಅಲಾರಂ ಮುಳ್ಳನ್ನು ಮುಂದಿನ ಪಿರಿಯಡ್ಡಿಗೆ ತಿರುಗಿಸಿ, ನಾನು ಗುಡಿಸಲು, ನೀರಿನ ಡ್ರಮ್ಮು ತುಂಬಿಸಲು ಹೋಗುವುದು. ಅದು ಮೂರು ನಿಮಿಷ ಮುಂಚೆಯೇ ಬಡಿದುಕೊಳ್ಳುತ್ತದೆ. ಕೈ ಒರೆಸಿಕೊಂಡು ವರಾಂಡಕ್ಕೆ ಬಂದು, ಜಂತೆಗೆ ತೂಗುಬಿಟ್ಟ ರೈಲು ಹಳಿಯ ತುಂಡಿಗೆ ಸರಳಿನಿಂದ ಹೊಡೆಯಲು ಸರಿಯಾಗಿ ಮೂರು ನಿಮಿಷ ಬೇಕು. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಇದೆಲ್ಲ ನಿನಗೆ ಗೊತ್ತು. ಆದರೂ ಬರೆದೆ. ಆ ಹಲಗೆಗಳ ನಡುವೆ ಕೂತವರಿಗೆ ನೆನಪು ಕಮ್ಮಿ.

ಮೊನ್ನೆ ಸೋಮವಾರ ನಾಲ್ಕನೇ ಪಿರಿಯಡ್ ಹನ್ನೊಂದು ನಿಮಿಷ ಹೆಚ್ಚು ಓಡಿತು. ನಾನು ಹಿತ್ತಲಲ್ಲಿ ಡ್ರಮ್ಮು ತಿಕ್ಕುತ್ತಿದ್ದೆ. ಗಡಿಯಾರ ಬಾಯಿಬಿಡಲಿಲ್ಲ. ಹೆಡ್‌ಮೇಡಂ ಬಂದು ಬೆನ್ನು ತಟ್ಟಿದಾಗಲೇ ನನಗೆ ಗೊತ್ತಾದದ್ದು.

"ಅಜ್ಜಿ, ಇನ್ನೆರಡು ಸಲ ಹೀಗಾದ್ರೆ ಸ್ಪೀಕರ್ ಹಾಕಿಸ್ತೀನಿ. ನನ್ನ ಫೋನೇ ಗಂಟೆ ಹೊಡೆಯುತ್ತೆ. ನೀವು ಮನೇಲಿ ಆರಾಮಾಗಿರಿ."

ಆರಾಮ! ಆ ಮಾತನ್ನು ಯಾವುದಾದರೂ ಹೆಣಕ್ಕೆ ಹೇಳಲಿ. ಬೀದಿಯಲ್ಲಿ ನನ್ನನ್ನು ಗಂಟೆಯಮ್ಮ ಅನ್ನುತ್ತಾರೆ. ಹಳಿ ಇಳಿಸಿದ ಮೇಲೆ ಏನನ್ನುತ್ತಾರೆ? ಕಸಬರಿಗೆಯಮ್ಮ?

ಇನ್ನೊಂದು ಮಾತು, ನಿನ್ನಲ್ಲೇ ಇರಲಿ. ಈಗೀಗ ಗಂಟೆ ಕೇಳುವುದೇ ನಿಂತುಹೋಗಿದೆ. ನಿನ್ನ ಅಪ್ಪನಿಗೆ ಹೇಳಿದರೆ ನಗುತ್ತಾನೆ. ಅದಕ್ಕೇ ನಿನಗೆ ಬರೆದೆ.

ಅಜ್ಜಿ

~

ಜೂನ್ 21

ಅಜ್ಜಿ,

ನಿನಗೆ ಉತ್ತರ ಬರೆಯಲು ಪೆನ್ನು ಹುಡುಕಬೇಕಾಯಿತು. ಅಂಗಡಿಯಲ್ಲಿ ಐವತ್ತು ಬಗೆಯ ಸ್ಕ್ರೂಡ್ರೈವರ್ ಇದೆ, ಒಂದು ಪೆನ್ನಿಲ್ಲ. ಫೋನಿನಲ್ಲಿ ಮಾತಾಡಿದರೆ ಎರಡು ನಿಮಿಷದ ಕೆಲಸ, ನೀನು ಕಿವಿಗೇ ಇಟ್ಟುಕೊಳ್ಳುವುದಿಲ್ಲ.

ನಿನ್ನ ಪತ್ರದ ಕೊನೆಯ ಮಾತು ಓದಿ ಕೈಯಲ್ಲಿದ್ದ ಕೆಲಸ ಕೆಳಗಿಟ್ಟೆ. ಗಂಟೆ ಕೇಳುವುದೇ ನಿಂತುಹೋಗಿದೆ ಅಂದೆಯಲ್ಲ. ನಾನು ಚಿಕ್ಕವಳಿದ್ದಾಗ ನಿನ್ನ ಕೈ ಹಿಡಿದುಕೊಂಡು ಶಾಲೆಗೆ ಹೋಗುವಾಗ ಬೀದಿಯ ಉದ್ದಕ್ಕೂ ಎಲ್ಲರೂ "ಗಂಟೆಯಮ್ಮ, ಗಂಟೆ ಎಷ್ಟಾಯ್ತು?" ಅಂತ ಕೇಳೋರು. ನೀನು ಚೀಲದಿಂದ ಗಡಿಯಾರ ತೆಗೆದು ನೋಡಿ, ರಾಣಿ ಅಪ್ಪಣೆ ಕೊಟ್ಟ ಹಾಗೆ ಹೇಳುತ್ತಿದ್ದೆ. ಈಗ ಎಲ್ಲರ ಜೇಬಿನಲ್ಲೂ ಗಂಟೆ ಇದೆ. ನಿನ್ನನ್ನು ಯಾರು ಕೇಳುತ್ತಾರೆ? ಬೇಜಾರು ಮಾಡಿಕೊಳ್ಳಬೇಡ ಅಜ್ಜಿ. ಎಲ್ಲ ಕಡೆಯೂ ಹೀಗೇ ಆಗಿದೆ. ನಿನ್ನೆ ಒಬ್ಬರು ಸತ್ತ ಫೋನನ್ನು ನನ್ನ ಮುಂದಿಟ್ಟು, ಈಗ ಎಷ್ಟು ಗಂಟೆ, ಇವತ್ತು ಎಷ್ಟನೇ ತಾರೀಕು, ನನ್ನ ಹೆಂಡತಿಯ ನಂಬರ್ ಏನು ಅಂತ ನನ್ನನ್ನೇ ಕೇಳಿದರು. ಮೊದಲೆರಡಕ್ಕೆ ಉತ್ತರ ಕೊಟ್ಟೆ.

ನೀನು ಬೈದರೂ ಸರಿ, ಪಾರ್ಸೆಲ್ಲಿನಲ್ಲಿ ಒಂದು ಫೋನ್ ಕಳಿಸುತ್ತಿದ್ದೇನೆ. ಹಳೆಯದು, ನಾನೇ ಕೂತು ಹೊಸದರಂತೆ ಮಾಡಿದ್ದು. ಎಂಟೂ ಪಿರಿಯಡ್ಡಿಗೆ ಅಲಾರಂ ಇಟ್ಟಿದ್ದೇನೆ, ಮೂರು ನಿಮಿಷ ಮುಂಚೆಯೇ. ಸದ್ದನ್ನು ಪೂರ್ತಿ ಏರಿಸಿದ್ದೇನೆ. ಕಿಟಕಿಯಲ್ಲಿ ಗಡಿಯಾರದ ಪಕ್ಕ ಇಟ್ಟುಕೊ. ಎರಡರಲ್ಲಿ ಒಂದಾದರೂ ಕೂಗುತ್ತದೆ.

ಅಮ್ಮ ಹೇಳಿದಳು, ನೀನು ಈಚೆಗೆ ಕರೆದರೂ ತಿರುಗಿ ನೋಡುವುದಿಲ್ಲವಂತೆ. ಅವಳ ಮೇಲೆ ಯಾಕೆ ಸಿಟ್ಟು?

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಅಷ್ಟು ಮುಖ್ಯವಲ್ಲ, ಬಿಡು.

ನಿನ್ನ ಕಡ್ಡಿ

~

ಜುಲೈ 3

ಕಡ್ಡಿ,

ನಿನ್ನ ಹಲಗೆ ಬಂತು. ಒಂದು ಫೋನಿಗೆ ಎಷ್ಟು ಸುತ್ತು ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕು ಸುತ್ತಿದ್ದೀಯೆ! ನೀನು ಹುಟ್ಟಿದಾಗ ನಿನ್ನನ್ನು ಒಂದೇ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದೆವು.

ನಿನ್ನ ಅಪ್ಪ ಕೂತು ಅದರ ಗುಣಗಾನ ಮಾಡಿದ. "ಅಮ್ಮ, ಇದು ಬರೀ ಫೋನಲ್ಲ. ಇದರಲ್ಲೇ ಗಡಿಯಾರ, ಇದರಲ್ಲೇ ಟಾರ್ಚು, ರೇಡಿಯೋ, ಕ್ಯಾಮೆರಾ, ಕ್ಯಾಲೆಂಡರು, ಲೆಕ್ಕದ ಮಿಷನ್ನು, ಕನ್ನಡಿ." ಹೆಬ್ಬಾವು ನುಂಗಿದ ಪಟ್ಟಿಯನ್ನು ಹೆಬ್ಬಾವಿನ ಹೆಗ್ಗಳಿಕೆ ಅಂತ ಹೇಳುವವನನ್ನು ನಾನು ಮೊದಲ ಸಲ ನೋಡಿದ್ದು, ಅದೂ ನಾನೇ ಹೆತ್ತವನು. ನಮ್ಮ ಮನೆಯ ಗೋಡೆ ನೋಡು ಕಡ್ಡಿ. ಗಡಿಯಾರವಿದ್ದ ಕಡೆ ಒಂದು ದುಂಡು ಕಲೆ, ಕ್ಯಾಲೆಂಡರ್ ಇದ್ದ ಕಡೆ ಒಂದು ಚೌಕದ ಕಲೆ, ಕನ್ನಡಿ ಇದ್ದ ಕಡೆ ಒಂದು ಮೊಳೆ. ರೇಡಿಯೋ ಇದ್ದ ಸ್ಟೂಲಿನ ಮೇಲೆ ಈಗ ಚಾರ್ಜರು, ಬಾಲ ಬಿಟ್ಟುಕೊಂಡು.

ಹೋದ ವಾರ ಸಂಜೆ ಏಳಕ್ಕೆ ಕರೆಂಟು ಹೋಯಿತು. ನಿನ್ನ ಅಪ್ಪನ ಹಲಗೆ ಬೆಳಗ್ಗೆಯಿಂದ ಹಸಿದಿತ್ತು, ಅಲ್ಲೇ ಪ್ರಾಣ ಬಿಟ್ಟಿತು. ನಿನ್ನ ಅಮ್ಮನದು ಅದಕ್ಕೂ ಮುಂಚೆಯೇ ಸತ್ತಿತ್ತು. ಮನೆಯಲ್ಲಿ ಬೆಳಕಿಲ್ಲ, ಹಾಡಿಲ್ಲ, ಎಷ್ಟು ಹೊತ್ತಾಯಿತೆಂದು ಗೊತ್ತಿಲ್ಲ, ನಾಳೆ ಡಿಪೋಗೆ ಎಷ್ಟಕ್ಕೆ ಹೋಗಬೇಕೆಂದು ಗೊತ್ತಿಲ್ಲ. ಇಪ್ಪತ್ತು ವರ್ಷ ಬಸ್ಸು ಓಡಿಸಿದ ಗಂಡಸು ತನ್ನ ಮನೆಯಲ್ಲೇ ಗೋಡೆ ತಡವುತ್ತಾ ಬಂದು, "ಅಮ್ಮ, ನಿನ್ನ ಹಳೇ ಟಾರ್ಚ್ ಎಲ್ಲಿ?" ಅಂತ ನನ್ನ ಕಿವಿಗೇ ಬಾಯಿಟ್ಟು ಕೇಳಿದ. ಕೊಡಲಿಲ್ಲ. ಕನ್ನಡಿಯ ಮೊಳೆ ಹಣೆಗೆ ತಾಗುವವರೆಗೂ ಕಾದೆ. ಆಮೇಲೆ ಕೊಟ್ಟೆ.

ನನಗೆ ಯಾರ ಮೇಲೂ ಸಿಟ್ಟಿಲ್ಲ. ನಿನ್ನ ಅಮ್ಮ ಕರೆಯುವುದಾದರೆ ತಾನೆ ನಾನು ತಿರುಗುವುದು? ಈ ಹಲಗೆಗಳು ಬಂದ ಮೇಲೆ ಯಾರೂ ಬಾಯಿಬಿಟ್ಟು ಮಾತಾಡುತ್ತಿಲ್ಲ. ಕತ್ತು ಬಗ್ಗಿಸಿ ತಮ್ಮ ಎದೆಗೇ ಮಾತಾಡಿಕೊಳ್ಳುತ್ತಾರೆ. ತುಟಿ ಅಲ್ಲಾಡುತ್ತದೆ, ಮಾತು ಬರುವುದಿಲ್ಲ. ಅಂಗಡಿಯವನು ಗೊಣಗುತ್ತಾನೆ, ಹಾಲಿನವಳು ಗೊಣಗುತ್ತಾಳೆ. ಮೊದಲು ಆಟದ ಬಯಲಿನ ಆಚೆಯಿಂದ ಕೂಗುತ್ತಿದ್ದ ಲೆಕ್ಕದ ಮೇಷ್ಟ್ರು ಈಗ ಎದುರಿಗೇ ನಿಂತು ಪಿಸುಗುಟ್ಟುತ್ತಾರೆ. ಇಡೀ ಬೀದಿಯ ಗಂಟಲನ್ನೂ ಆ ಹೆಬ್ಬಾವೇ ನುಂಗಿದೆ. ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಲು ನಿನ್ನ ಅಪ್ಪನಿಗೆ ಹೇಳು.

ಗಂಟೆ ಕೇಳುವ ವಿಷಯ ನೀನು ತಿಳಿದುಕೊಂಡಂತೆಯೇ ಇರಲಿ. ಹೌದು, ಈಗ ಯಾರೂ ಕೇಳುವುದಿಲ್ಲ.

ನಿನ್ನೆ ಎರಡನೇ ಸಲ ತಪ್ಪಿತು. ಆರನೇ ಪಿರಿಯಡ್, ಒಂಬತ್ತು ನಿಮಿಷ. ಕಿಟಕಿಯಲ್ಲಿ ಗಡಿಯಾರವೂ ಇತ್ತು, ನಿನ್ನ ಹಲಗೆಯೂ ಇತ್ತು. ಎರಡೂ ಕೂಡಿಕೊಂಡು ನನಗೆ ಕೈಕೊಟ್ಟವು. ಹೆಡ್‌ಮೇಡಂ ಎದುರಿಗೆ ಬಂದು ನಿಂತಳು. ಎರಡು ಬೆರಳು ತೋರಿಸಿದಳು, ಮಗುವಿಗೆ ಎಣಿಕೆ ಕಲಿಸುವಂತೆ.

ಅಜ್ಜಿ

~

ಜುಲೈ 8

ಕಡ್ಡಿ,

ಹಲಗೆಯನ್ನು ವಾಪಸು ಕಳಿಸಿದ್ದೇನೆ. ಅದು ಮೂಗ. ನಾಲ್ಕು ದಿನ ಎದುರಿಗೆ ಕೂತು ನೋಡಿದೆ. ಹೊತ್ತಿಗೆ ಸರಿಯಾಗಿ ದೀಪ ಹತ್ತುತ್ತದೆ, ಗಂಟೆಯ ಚಿತ್ರ ಕುಣಿಯುತ್ತದೆ, ಉಸಿರಿಲ್ಲ. ಮೂಕಾಭಿನಯ ನೋಡಲು ನನಗೆ ಪುರುಸೊತ್ತಿಲ್ಲ. ನಿನ್ನ ರಿಪೇರಿಯ ಯೋಗ್ಯತೆ ಇಷ್ಟಾದರೆ ಅಂಗಡಿಯವರು ನಿನ್ನನ್ನು ಯಾವ ಧೈರ್ಯದ ಮೇಲೆ ಇಟ್ಟುಕೊಂಡಿದ್ದಾರೋ.

ಈಗ ಬೇರೆ ಉಪಾಯ ಮಾಡಿದ್ದೇನೆ. ಗುಡಿಸುವುದು, ನೀರು ತುಂಬಿಸುವುದು ಎಲ್ಲ ಬೆಳಗ್ಗೆ ಏಳಕ್ಕೇ ಹೋಗಿ ಮುಗಿಸುತ್ತೇನೆ. ಆಮೇಲೆ ಗಡಿಯಾರದ ಮುಖವನ್ನೇ ನೋಡುತ್ತಾ ಸಂಜೆಯವರೆಗೆ ಕೂರುತ್ತೇನೆ. ಹೊಸ ಸೊಸೆಯನ್ನು ಅತ್ತೆ ಕಾದಂತೆ. ರೆಪ್ಪೆ ಮುಚ್ಚಲು ಹೆದರಿಕೆ.

ಅಜ್ಜಿ

~

ಜುಲೈ 17

ಅಜ್ಜಿ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಪೂರ್ತಿ ಓದು, ನಡುವೆ ಬೈಯಬೇಡ.

ಫೋನ್ ಬಂತು. ಬಿಚ್ಚಿದೆ. ಸ್ಪೀಕರಿನ ಜಾಲರಿ ಉಜ್ಜಿದೆ, ತಂತಿ ನೋಡಿದೆ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಬೆಸುಗೆಯನ್ನೂ ನೋಡಿದೆ. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಮೇಜಿನ ಮೇಲೆ ನಿನ್ನ ಐದನೇ ಪಿರಿಯಡ್ಡಿನ ಅಲಾರಂ ಹೊಡೆದುಕೊಂಡಿತು. ಪಕ್ಕದ ಮೇಜಿನ ಅಕ್ಕ ಬೆಚ್ಚಿಬಿದ್ದು ಚಹಾವನ್ನು ಮಡಿಲಿಗೆ ಸುರಿದುಕೊಂಡರು. "ಕಿವಿ ತೂತಾಯ್ತಲ್ಲೇ, ಯಾರದೇ ಅದು?" ಅಂತ ಕೂಗಿದರು.

"ನಮ್ಮಜ್ಜಿದು," ಅಂದೆ. ಅಂದ ಮೇಲೆ ಕೂತಲ್ಲೇ ಕೂತೆ.

ನಮ್ಮ ಅಂಗಡಿಗೆ ವಾರಕ್ಕೆ ಒಬ್ಬರಾದರೂ ಬರುತ್ತಾರೆ ಅಜ್ಜಿ, ಫೋನಿನ ಸದ್ದು ಹೋಗಿದೆ ಅಂತ. ನಾವು ಬಿಚ್ಚುವ ಮುಂಚೆ ಪಕ್ಕಕ್ಕೆ ತಿರುಗಿ ಮೆಲ್ಲಗೆ ಅವರ ಹೆಸರು ಕರೆಯುತ್ತೇವೆ. ತಿರುಗಿ ನೋಡದಿದ್ದರೆ ಫೋನನ್ನು ಬಿಚ್ಚುವುದಿಲ್ಲ. ದಿನಾ ಮಾಡುವ ಪರೀಕ್ಷೆ, ನಿನ್ನ ವಿಷಯದಲ್ಲಿ ನೆನಪಾಗಲೇ ಇಲ್ಲ.

ಸಂಜೆ ಮನೆಗೆ ಹೋಗಿ ನಿನ್ನ ಮೊದಲ ಪತ್ರ ಮತ್ತೆ ತೆಗೆದೆ. ಗಂಟೆ ಕೇಳುವುದೇ ನಿಂತುಹೋಗಿದೆ. ನಾನು ಬೇರೆ ಕೇಳುವುದು ಅಂದುಕೊಂಡೆ. ನಿನ್ನನ್ನು ಯಾರೂ ಕೇಳುವುದಿಲ್ಲ ಅಂತ ತಿಳಿದೆ. ನಿನಗೆ ಕೇಳಿಸುವುದಿಲ್ಲ ಅಂತ ಹೊಳೆಯಲಿಲ್ಲ. ನೀನು ಹೇಳಿಬಿಟ್ಟಿದ್ದೆ, ನಾನು ಕಿವುಡಿಯಾದೆ.

ಬೀದಿಯವರು ಗೊಣಗುತ್ತಿಲ್ಲ ಅಜ್ಜಿ. ಗಡಿಯಾರವೂ ಕೈಕೊಟ್ಟಿಲ್ಲ. ಅಮ್ಮ ಕರೆಯುತ್ತಲೇ ಇದ್ದಾಳೆ.

ಇನ್ನು ನಾನು ಮುಚ್ಚಿಟ್ಟದ್ದು. ಹೆಡ್‌ಮೇಡಂ ಜೂನ್‌ನಲ್ಲೇ ಅಪ್ಪನ ಹತ್ತಿರ ನನ್ನ ನಂಬರ್ ತೆಗೆದುಕೊಂಡು ಫೋನ್ ಮಾಡಿದ್ದರು. ಯಾವ ಸ್ಪೀಕರ್ ತರಬೇಕು, ಫೋನನ್ನು ಅದಕ್ಕೆ ಹೇಗೆ ಜೋಡಿಸಬೇಕು, ಎಂಟು ಪಿರಿಯಡ್ಡಿಗೆ ಹೇಗೆ ಕೂಗಿಸಬೇಕು ಅಂತ ಕೇಳಿದರು. ನಾನೇ ಎಲ್ಲ ಹೇಳಿಕೊಟ್ಟೆ. ನಿನ್ನ ಕಾಲು ನೋಯುತ್ತದೆ, ಓಡಾಟ ತಪ್ಪುತ್ತದೆ ಅಂದುಕೊಂಡೆ. ಹಳಿ ಇಳಿಸುತ್ತಾರೆ ಅಂತ ಗೊತ್ತಿರಲಿಲ್ಲ. ನಿನ್ನ ಪತ್ರದಿಂದ ಗೊತ್ತಾದ ಮೇಲೆ ಬರೆಯಲು ಕೈ ಬರಲಿಲ್ಲ.

ಕಿವಿಯ ಡಾಕ್ಟರ ಹತ್ತಿರ ಹೋಗು. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಬೇಕಾದರೆ.

ಕಡ್ಡಿ

~

ಜುಲೈ 24

ಕಡ್ಡಿ,

ಓದಿದೆ. ನಡುವೆ ಬೈಯಲಿಲ್ಲ, ಮುಗಿದ ಮೇಲೆ ಬೈದೆ.

ಮೂರನೆಯದೂ ಆಯಿತು. ಗಡಿಯಾರದ ಮುಖ ನೋಡುತ್ತಾ ನೋಡುತ್ತಾ ರೆಪ್ಪೆ ಮುಚ್ಚಿತು, ಹಗಲು ಎರಡೂವರೆಗೆ. ಹದಿನಾಲ್ಕು ನಿಮಿಷ. ನಿನ್ನ ಸ್ಪೀಕರ್ ಗೋಡೆ ಏರಿದೆ. ಹಳಿ ಇನ್ನೂ ಇಳಿದಿಲ್ಲ, ಅದರ ಕೊಕ್ಕೆಗೆ ತುಕ್ಕು ಹಿಡಿದು ಬಿಚ್ಚಲು ಬರಲಿಲ್ಲ. ಸರಳನ್ನು ಹೆಡ್‌ಮೇಡಂ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಾಳೆ. ನಾನು ಗುಡಿಸುತ್ತೇನೆ.

ನೀನು ಜಾಣೆ. ಫೋನಿಗೂ ಮದ್ದು ಕೊಡುತ್ತೀಯ, ಅಜ್ಜಿಗೂ ಗುಂಡಿ ತೋಡುತ್ತೀಯ. ನನ್ನ ಕಿವಿಯ ಬಗ್ಗೆ ಇನ್ನೊಂದು ಅಕ್ಷರ ಬರೆಯಬೇಡ. ನಿನಗೆ ಬಿಚ್ಚಲು ಬೇಕಾದಷ್ಟು ಹಲಗೆ ಇವೆ. ನನ್ನನ್ನು ಬಿಚ್ಚಬೇಡ.

ಹೆಸರು ಹಾಕುವುದಿಲ್ಲ. ಗಂಟೆಯಮ್ಮ ಅಂತ ಹಾಕಲು ಬರುವುದಿಲ್ಲ, ಅಜ್ಜಿ ಅಂತ ಹಾಕಲು ಮನಸ್ಸಿಲ್ಲ.

~

ಆಗಸ್ಟ್ 10

ಅಜ್ಜಿ,

ಎರಡು ಪತ್ರ ಹಾಕಿದೆ, ಉತ್ತರವಿಲ್ಲ. ಅಮ್ಮ ಹೇಳುತ್ತಾಳೆ, ನೀನು ಚೆನ್ನಾಗಿ ಊಟ ಮಾಡುತ್ತೀಯಂತೆ, ಎಲ್ಲರನ್ನೂ ಬೈಯುತ್ತೀಯಂತೆ. ಅಷ್ಟು ಸಾಕು ನನಗೆ.

ಕಿವಿಯ ಬಗ್ಗೆ ಬರೆಯುವುದಿಲ್ಲ. ಫೋನಿನ ಬಗ್ಗೆ ಬರೆಯುತ್ತೇನೆ. ಫೋನಿನಲ್ಲಿ ಕೂಗುವ ಭಾಗ ಬೇರೆ, ನಡುಗುವ ಭಾಗ ಬೇರೆ. ನಡುಗುವುದಕ್ಕೆ ಒಂದು ಪುಟ್ಟ ಮೋಟರು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ನೀನು ವಾಪಸು ಕಳಿಸಿದ ಫೋನಿನ ಬಾಯಿಯನ್ನು ನಾನೇ ಮುಚ್ಚಿ ಮತ್ತೆ ಕಳಿಸುತ್ತಿದ್ದೇನೆ. ಈಗ ಅದು ನಿಜವಾಗಿಯೂ ಮೂಗ. ದಿನಕ್ಕೆ ಎಂಟು ಸಲ ನಡುಗುತ್ತದೆ, ಅಷ್ಟೇ. ಕುಣಿಯುವ ಚಿತ್ರ ಗಿತ್ರ ಏನೂ ಬರುವುದಿಲ್ಲ. ಹಾಡು, ಟಾರ್ಚು, ಕ್ಯಾಮೆರಾ ಎಲ್ಲ ತೆಗೆದುಹಾಕಿದೆ. ನುಂಗಿದ್ದನ್ನೆಲ್ಲ ಕಕ್ಕಿಸಿದ್ದೇನೆ ಅಂದುಕೊ. ನಿನ್ನ ಸೊಂಟದ ಚೀಲದ ಅಳತೆಗೆ ಒಂದು ಬಟ್ಟೆಯ ಗವಸು ಹೊಲಿದಿದ್ದೇನೆ. ಹೊಲಿಗೆ ನೋಡಿ ನಗು.

ಬೇಡವಾದರೆ ಡ್ರಮ್ಮಿನಲ್ಲಿ ಹಾಕಿ ಮುಳುಗಿಸು. ನೀರಿಗೆ ಬಿದ್ದ ಫೋನು ಹೇಗೂ ನನ್ನ ಹತ್ತಿರವೇ ಬರಬೇಕು.

ಕಡ್ಡಿ

~

ಆಗಸ್ಟ್ 29

ಕಡ್ಡಿ,

ಹೊಲಿಗೆ ನೋಡಿದೆ. ಕೋಳಿ ಕೆದರಿದ ಹಾಗಿದೆ. ಬಿಚ್ಚಿ ಮತ್ತೆ ಹೊಲಿದುಕೊಂಡೆ.

ಬರೆಯಬೇಡ ಅಂತ ನಿನಗೆ ಹೇಳಿದ ವಿಷಯವನ್ನು ಈಗ ನಾನೇ ಬರೆಯುತ್ತೇನೆ. ಬೈದ ಮಾರನೇ ದಿನ, ನಿನ್ನ ಅಪ್ಪ ಅಮ್ಮ ಹೊರಗೆ ಹೋಗಿದ್ದಾಗ, ಬಾಗಿಲು ಹಾಕಿಕೊಂಡು ಗಡಿಯಾರಕ್ಕೆ ಪೂರ್ತಿ ಕೀ ಕೊಟ್ಟೆ. ಅಲಾರಂ ಮುಳ್ಳು ತಿರುಗಿಸಿ ಎರಡು ಕೈಯಲ್ಲೂ ಹಿಡಿದುಕೊಂಡೆ. ಸುತ್ತಿಗೆ ಕುಣಿಯಿತು. ಎರಡು ಬಟ್ಟಲ ನಡುವೆ ಹುಚ್ಚು ಹಿಡಿದಂತೆ ಕುಣಿಯಿತು. ಬೆರಳಿಗೆ ಕಚಗುಳಿಯಾಯಿತು. ಸದ್ದಿರಲಿಲ್ಲ. ಕೀ ಮುಗಿಯುವವರೆಗೂ ಹಿಡಿದುಕೊಂಡೇ ಇದ್ದೆ. ಪಾಪದ್ದು, ಒಂದೂವರೆ ತಿಂಗಳಿಂದ ನನ್ನನ್ನು ಕೂಗಿ ಕೂಗಿ ಬೈಸಿಕೊಂಡಿತ್ತು. ಗಡಿಯಾರಕ್ಕೆ ಕ್ಷಮೆ ಕೇಳಿದೆ. ನಿನ್ನ ಅಮ್ಮನಿಗೆ ಇನ್ನೂ ಕೇಳಿಲ್ಲ. ಒಂದೊಂದಾಗಿ ಆಗಲಿ.

ಹಳಿ ಮಾತ್ರ ನನಗೆ ಮೋಸ ಮಾಡಿತ್ತು. ಹೊಡೆದರೆ ಅದರ ಏಟು ಸರಳಿನಿಂದ ಮೊಣಕೈವರೆಗೆ ಏರುತ್ತದೆ. ಅದನ್ನೇ ಕೇಳಿಸಿತು ಅಂದುಕೊಂಡಿದ್ದೆ.

ಈಗ ನಿನ್ನ ಸ್ಪೀಕರಿನ ಕಥೆ. ಹೋದ ಗುರುವಾರ ಕಿರುಪರೀಕ್ಷೆ. ನಾನು ವರಾಂಡ ಗುಡಿಸುತ್ತಿದ್ದೆ. ಎರಡನೇ ಪಿರಿಯಡ್ ಅರ್ಧವೂ ಆಗಿಲ್ಲ, ಇದ್ದಕ್ಕಿದ್ದಂತೆ ಎಲ್ಲ ಕ್ಲಾಸಿನ ಬಾಗಿಲುಗಳಿಂದ ಮಕ್ಕಳು ಮೂಟೆ ಬಿಚ್ಚಿದ ಕಾಳಿನ ಹಾಗೆ ಸುರಿದರು. ಕೆಲವರು ಕುಣಿಯುತ್ತಿದ್ದರು. ಆಮೇಲೆ ಒಮ್ಮೆಗೇ ಎಲ್ಲರೂ ನಿಂತು ಸ್ಪೀಕರಿನ ಕಡೆ ಕತ್ತೆತ್ತಿದರು. ಲೆಕ್ಕದ ಮೇಷ್ಟ್ರು ಕಂಬ ಹಿಡಿದುಕೊಂಡು ನಗುತ್ತಾ ಕುಸಿದರು. ಹೆಡ್‌ಮೇಡಂ ಹಲಗೆ ಹಿಡಿದುಕೊಂಡು ಓಡಿಬಂದಳು, ಒತ್ತಬಾರದ್ದನ್ನೆಲ್ಲ ಒತ್ತುತ್ತಾ. ಇಡೀ ಶಾಲೆಗೆ ಕೇಳಿದ್ದು, ಕಡ್ಡಿ, ನನಗೊಬ್ಬಳಿಗೆ ಕೇಳಲಿಲ್ಲ. ನನ್ನ ಜನ್ಮದಲ್ಲೇ ಕಿವಿ ಬೇಕು ಅಂತ ಅನ್ನಿಸಿದ್ದು ಆವತ್ತು.

ಲೆಕ್ಕದ ಮೇಷ್ಟ್ರು ಆಮೇಲೆ ಬೋರ್ಡಿನ ಮೇಲೆ ಬರೆದು ತೋರಿಸಿದರು. ಅವಳ ಫೋನಿಗೆ ಗಂಡನ ಕರೆ ಬಂದಿದೆ. ಮೊದಲು ಕುಣಿತದ ಹಾಡು ಸ್ಪೀಕರಿನಲ್ಲಿ. ಮಕ್ಕಳು ಅದೇ ಗಂಟೆ ಅಂದುಕೊಂಡು ಪೇಪರು ಬಿಟ್ಟು ಎದ್ದಿದ್ದಾರೆ. ಅವಳು ನಿಲ್ಲಿಸಲು ಹೋಗಿ ಒತ್ತಿದ್ದಾಳೆ, ಗಂಡ ಶಾಲೆಗೆಲ್ಲ ಕೇಳುವಂತೆ ಅಂದಿದ್ದಾನೆ: "ಅಲ್ಲ ಕಣೇ, ನನ್ನ ಕರೀ ಸಾಕ್ಸ್ ಒಂದೇ ಒಂದು ಸಿಕ್ತು, ಇನ್ನೊಂದು ಎಲ್ಲಿಟ್ಟು ಸತ್ತಿದೀಯ?"

ಕರೆ ಬಂದರೆ ಸ್ಪೀಕರೂ ಕೂಗುತ್ತದೆ, ಅದನ್ನು ಮೊದಲೇ ಬಂದ್ ಮಾಡಿಕೊಳ್ಳಬೇಕು ಅಂತ ಹೇಳಿಕೊಡುವವರು ಯಾರೂ ಅವಳಿಗೆ ಹೇಳಿಕೊಡಲಿಲ್ಲವಂತೆ. ಎಲ್ಲ ಹೇಳಿಕೊಟ್ಟವಳು ನೀನು. ಮರೆತೆಯಾ? ನನಗೆ ಉತ್ತರ ಬೇಡ. ಮರೆತಿದ್ದರೆ ನೀನು ಕೆಟ್ಟ ಕಸುಬುದಾರಳು. ಮರೆಯದಿದ್ದರೆ ನನ್ನ ಮೊಮ್ಮಗಳು.

ಮಾರನೇ ದಿನ ಅವಳು ಬೀರುವಿನಿಂದ ಸರಳು ತೆಗೆದು ತಂದು ನನ್ನ ಮುಂದೆ ಚಾಚಿದಳು. ಸುಮ್ಮನೆ ತೆಗೆದುಕೊಂಡು ಬಿಡಬಹುದಿತ್ತು. ಸೊಂಟದಲ್ಲಿ ನಿನ್ನ ಹಲಗೆ ಆಗಲೇ ಮೂರು ದಿನದಿಂದ ಕೂತಿತ್ತು. ಒಂದು ನಡುಕವೂ ತಪ್ಪಿರಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳ ಕೈಯಿಂದ ಕದ್ದ ಹಾಗೆ ತೆಗೆದುಕೊಳ್ಳಲು ನಾನೇನು ಅವಳಿಗಿಂತ ಕಡಿಮೆಯವಳೇ?

"ಮೇಡಂ, ನನಗೆ ಕಿವಿ ಕೇಳಿಸಲ್ಲ. ಮೂರು ಸಲ ತಪ್ಪಿದ್ದು ಗಡಿಯಾರ ಅಲ್ಲ, ನಾನು. ಈಗ ಹೇಳಿ, ಸರಳು ಯಾರಿಗೆ?"

ಅವಳು ಏನೋ ಅಂದಳು. ಎದೆಗೇ ಅಂದುಕೊಂಡಳು, ಎಲ್ಲರ ಹಾಗೆ.

"ಏನಂದ್ರಿ?"

ಮತ್ತೆ ಅಂದಳು. ನಾನು ಕಿವಿ ತೋರಿಸಿ ತಲೆ ಅಲ್ಲಾಡಿಸಿದೆ. ಆಗ ಅವಳು ಹಲಗೆ ತೆಗೆದು, ಹೆಬ್ಬೆರಳಿನಲ್ಲಿ ಕುಟ್ಟಿ, ಅಕ್ಷರವನ್ನು ದೊಡ್ಡದು ಮಾಡಿ ನನ್ನ ಮುಖದ ಮುಂದೆ ಹಿಡಿದಳು. ಹೀಗಿತ್ತು: "ಗಂಡ ಹೊಡೆಯೋಕೆ ನಿಮಗೆ ಕಿವಿ ಯಾಕಜ್ಜಿ? ಕೇಳೋರು ನಾವು."

ಎರಡು ಸಲ ಓದಿದೆ. "ಗಂಡನ್ನ ಹೊಡೆಯೋಕೂ ಕಿವಿ ಬೇಡ ಮೇಡಂ, ಕೈ ಸಾಕು," ಅಂದೆ. "ನಿಮ್ಮ ಮನೇಲಿ ಸಾಕ್ಸ್ ಕಳಕೊಂಡೋರು ಇದಾರಲ್ಲ, ಅಲ್ಲಿಂದ ಶುರು ಮಾಡಿ."

ಅವಳು ಹಲಗೆಯನ್ನು ತಿರುಗಿಸಿ ನೋಡಿಕೊಂಡು ಕೆಂಪಗಾದಳು. ಗಂಟೆ ಅಂತ ಕುಟ್ಟಿದರೆ ಅದು ತಾನಾಗಿಯೇ ಗಂಡ ಅಂತ ತಿದ್ದುತ್ತದಂತೆ. ಮೂರನೇ ಕ್ಲಾಸು ಓದಿದ ನಾನು ತಪ್ಪು ಹಿಡಿದೆ, ಹೆಬ್ಬಾವು ಹಿಡಿಯಲಿಲ್ಲ. ಆಮೇಲೆ ಅವಳು ನಕ್ಕಳು. ಬಾಯಿ ಪೂರ್ತಿ ತೆರೆದು ನಕ್ಕಳು. ಅಷ್ಟು ದೊಡ್ಡ ನಗುವಿಗೆ ಕಿವಿ ಬೇಕಾಗಿಲ್ಲ, ಕಾಣಿಸುತ್ತದೆ. ಆದರೂ ಅವಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಹಲಗೆಯ ಬಗ್ಗೆಯೂ ಇಲ್ಲ. ಇಷ್ಟು ವರ್ಷಕ್ಕೆ ಒಮ್ಮೆ ಅದು ಸ್ಲೇಟಿನ ಕೆಲಸ ಮಾಡಿತು, ಅದನ್ನೂ ತಪ್ಪು ಮಾಡಿತು.

ಡಾಕ್ಟರ ಹತ್ತಿರ ಹೋಗುವುದಾದರೆ ನೀನು ಬಂದಾಗ ಹೋಗೋಣ. ಕಿವಿಗೆ ಏನಾದರೂ ತುರುಕಿಕೊಟ್ಟರೆ ಮೊದಲು ನಿನ್ನ ಅಮ್ಮ ನನ್ನನ್ನು ಕರೆಯುವುದು ಕೇಳಬೇಕು. ಎಷ್ಟು ಸಲ ಕರೆದಳೋ, ಪಾಪ.

ಗಡಿಯಾರ ಕಿಟಕಿಯಲ್ಲೇ ಇದೆ. ದಿನಾ ಕೀ ಕೊಡುತ್ತೇನೆ. ಅದು ಕೂಗಲಿ, ಮಕ್ಕಳಿಗೆ ಕೇಳಲಿ. ನಿನ್ನ ಹಲಗೆಗೆ ನನ್ನ ಹತ್ತಿರ ನಡುಗುವ ಕೆಲಸ ಮಾತ್ರ. ನನ್ನನ್ನು ಕಂಡು ಹೆದರಿ ನಡುಗುತ್ತದೆ ಅಂತ ಲೆಕ್ಕದ ಮೇಷ್ಟ್ರಿಗೆ ಹೇಳಿದ್ದೇನೆ, ಅವರು ನಂಬಿದ್ದಾರೆ.

ಇದನ್ನು ಮೂರನೇ ಪಿರಿಯಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೂ ನಿನ್ನನ್ನು ಬೈಯುವುದು ಸ್ವಲ್ಪ ಬಾಕಿ ಇತ್ತು, ಆದರೆ ಸೊಂಟದಲ್ಲಿ ನಡುಗಿತು. ಏಳುತ್ತೇನೆ. ಕೈ ಒರೆಸಿಕೊಂಡು ವರಾಂಡಕ್ಕೆ ಹೋಗಲು ಮೂರು ನಿಮಿಷ ಬೇಕು. ಕೇಳುವವರು ಕಾಯುತ್ತಿದ್ದಾರೆ.

ನಿನ್ನ ಗಂಟೆಯಮ್ಮ